ಎಸ್‌ಯುವಿ: ಸಾರ್ವಜನಿಕ ರಸ್ತೆಯಲ್ಲಿ ಅದರ ಸ್ಥಾನವನ್ನು ಕುರಿತ ಚರ್ಚೆ

ನೆಲದಿಂದ ಎತ್ತರಕ್ಕೆ ನಿಂತ ತಳ, ನೆಟ್ಟನೆಯ ಅಗಲ ಮುಖ, ದಪ್ಪ ಗಾಲಿ, ಎತ್ತರದ ಆಸನ. ಈ ಲಕ್ಷಣಗಳುಳ್ಳ ಕಾರನ್ನು ಇಂದು ಎಲ್ಲರೂ ಎಸ್‌ಯುವಿ ಎಂದು ಕರೆಯುತ್ತಾರೆ. ಸ್ಪೋರ್ಟ್ ಯುಟಿಲಿಟಿ ವೆಹಿಕಲ್ ಎಂಬ ಮೂರು ಪದಗಳ ಮೊದಲಕ್ಷರಗಳಿಂದ ಆದ ಹೆಸರು ಅದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇಕಡಾ 48ರಷ್ಟು ಎಸ್‌ಯುವಿಗಳೇ ಆಗಿದ್ದವು. ಭಾರತದಲ್ಲಿ 2023-24ರ ಆರ್ಥಿಕ ವರ್ಷದಲ್ಲಿ ಮಾರಾಟವಾದ ಸುಮಾರು 42 ಲಕ್ಷ ಪ್ರಯಾಣಿಕ ವಾಹನಗಳ ಪೈಕಿ ಸುಮಾರು 25 ಲಕ್ಷ, ಎಸ್‌ಯುವಿಗಳೂ ಅವುಗಳ ಹತ್ತಿರದ ಸಂಬಂಧಿಗಳಾದ ಇತರ ಯುಟಿಲಿಟಿ ವಾಹನಗಳೂ ಸೇರಿದ ವರ್ಗಕ್ಕೆ ಸಂದವು.

ಇಂಥ ವಾಹನಗಳಿಗೆ ಸಾರ್ವಜನಿಕ ರಸ್ತೆಯಲ್ಲಿ ಸ್ಥಾನವಿರಬೇಕೇ, ಇದ್ದರೆ ಯಾವ ಷರತ್ತಿನ ಮೇಲೆ ಎಂಬ ಚರ್ಚೆ ಅಮೆರಿಕದಲ್ಲಿ, ಯುರೋಪಿನಲ್ಲಿ ಬಹುಕಾಲದಿಂದ ನಡೆದಿದೆ. ನಮ್ಮ ಸರ್ವೋಚ್ಚ ನ್ಯಾಯಾಲಯದ ಅಂಗಳಕ್ಕೂ ಒಮ್ಮೆ ಬಂದುಹೋಗಿದೆ. ನಾವು ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣ ಬೇರೆ. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆ ಪ್ರತಿ ಊರಿನಲ್ಲಿಲ್ಲ. ಪಕ್ಕದ ಊರಿನಿಂದ, ಅದರಾಚೆಯ ಊರಿನಿಂದ ಮಕ್ಕಳು ಬರಬೇಕಾಗುತ್ತದೆ. ಬಸ್ಸು ಇಳಿದ ಮೇಲೆ ಉಳಿದ ದಾರಿಯನ್ನು ಅವರು ನಡೆದೇ ಕ್ರಮಿಸುತ್ತಾರೆ, ಬಹಳ ಕಡೆ ಕಾಲುದಾರಿಯೇ ಇಲ್ಲದ ರಸ್ತೆಯ ಅಂಚಿನಲ್ಲಿ. ಆದ್ದರಿಂದ ಕಾರಿನ ಒಳಗೆ ಕುಳಿತವರಿಗಿಂತ ಹೊರಗೆ ನಡೆಯುವವರ ಕಡೆಯಿಂದ ಈ ಚರ್ಚೆಯನ್ನು ನೋಡುವುದು ನಮಗೆ ಸಹಜ.

ಜೀಪಿನಿಂದ ಎಸ್‌ಯುವಿಗೆ

ಈ ವಾಹನದ ಪೂರ್ವಜ ನಮಗೆ ಅಪರಿಚಿತವಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿಯು 1947ರಿಂದ ಭಾರತದಲ್ಲಿ ಜೋಡಿಸಲಾರಂಭಿಸಿತು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಒಳದಾರಿಗಳಿಗೆ, ವಯನಾಡಿನ ಏರುಗಳಿಗೆ ಬಸ್ಸು ಹೋಗದಿದ್ದ ಕಾಲದಲ್ಲಿ ಜೀಪು ಹೋಯಿತು. ಜತ್, ಅಕ್ಕಲಕೋಟೆ ಕಡೆಯವರು ವಡಾಪ್ ಎನ್ನುವ ಹಂಚಿಕೆಯ ಪ್ರಯಾಣವನ್ನು ನಡೆಸಿದವು ಜೀಪು, ಟ್ರ್ಯಾಕ್ಸ್, ಕ್ರೂಸರ್‌ಗಳು. ಹತ್ತು ಹನ್ನೆರಡು ಜನ ಇಕ್ಕಟ್ಟಾಗಿ ಕುಳಿತು, ಹಿಂದೆ ಇಬ್ಬರು ನೇತಾಡಿಕೊಂಡು ಸಂತೆಗೆ ಹೋದ ನೆನಪು ನಮ್ಮಲ್ಲಿ ಬಹಳ ಮಂದಿಗಿದೆ. ಆಕಾರದಲ್ಲಿ ಅವೆಲ್ಲ ಎಸ್‌ಯುವಿಗಳೇ, ಬಳಕೆಯಲ್ಲಿ ಬಸ್ಸುಗಳು. ಟಾಟಾ ಸುಮೋ (1994), ಮಹೀಂದ್ರ ಬೊಲೆರೊ (2000) ಈ ಎರಡರ ನಡುವೆ ನಿಂತವು. 2002ರ ಸ್ಕಾರ್ಪಿಯೊ ಹೊತ್ತಿಗೆ ವಾಹನದ ಗುರಿ ಬದಲಾಗಿತ್ತು. ಅದು ಊರಿನ ದಾರಿಗಾಗಿ ಮಾತ್ರವಲ್ಲ, ಪೇಟೆಯ ಮನೆಯಂಗಳಕ್ಕಾಗಿಯೂ ತಯಾರಾದ ವಾಹನ.

ಅಮೆರಿಕದಲ್ಲಿ ಈ ಬದಲಾವಣೆಗೆ ಹೆದ್ದಾರಿಗಿಂತ ಕಾನೂನು ಹೆಚ್ಚು ನೆರವಾಯಿತೆಂಬುದು ಗಮನಿಸಬೇಕಾದ ಸಂಗತಿ. ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಅಲ್ಲಿನ ಸಂಸತ್ತು ವಾಹನಗಳ ಇಂಧನ ಮಿತವ್ಯಯಕ್ಕೆ ಕಾನೂನು ಮಾಡಿತು. ರೈತರೂ ಕಟ್ಟಡ ಕೆಲಸದವರೂ ಬಳಸುವ ಲಘು ಟ್ರಕ್ಕುಗಳಿಗೆ ಸಡಿಲವಾದ ಮಟ್ಟವನ್ನಿಡಲಾಯಿತು. 1990ರ ದಶಕದ ಕೊನೆಯಲ್ಲಿ ಕಂಪನಿಯ ಕಾರುಗಳು ಸರಾಸರಿ ಲೀಟರಿಗೆ ಸುಮಾರು 11.7 ಕಿಲೋಮೀಟರು ಓಡಬೇಕೆಂದಿದ್ದರೆ, ಲಘು ಟ್ರಕ್ಕುಗಳಿಗೆ ಸುಮಾರು 8.8 ಸಾಕಾಗಿತ್ತು. ಮನೆಮಂದಿ ಓಡಾಡುವ ವಾಹನವನ್ನೇ ಟ್ರಕ್ಕಿನ ವರ್ಗಕ್ಕೆ ಸೇರುವಂತೆ ರೂಪಿಸಿದರೆ ಈ ರಿಯಾಯಿತಿ ದೊರೆಯುತ್ತಿತ್ತು. 1984ರ ಜೀಪ್ ಚೆರೋಕಿ, 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಈ ದಾರಿಯಲ್ಲಿ ಬೆಳೆದವು. ನೇಗಿಲು ಹಿಡಿದವನಿಗೆಂದು ಕೊಟ್ಟ ರಿಯಾಯಿತಿಯನ್ನು ನಗರದ ಉದ್ಯೋಗಿ ಅನುಭವಿಸಿದ. ಇಂಥದನ್ನು ನಾವು ಬೇರೆ ಅನೇಕ ಕ್ಷೇತ್ರಗಳಲ್ಲಿಯೂ ಕಂಡಿದ್ದೇವೆ.

ಮೂರು ಆಕ್ಷೇಪಗಳು, ಎರಡು ಪರಿಹಾರಗಳು

ಸುರಕ್ಷತೆಯ ದೃಷ್ಟಿಯಿಂದ ಎಸ್‌ಯುವಿಯ ಮೇಲೆ ಅಮೆರಿಕದಲ್ಲಿ ಮೂರು ದೂರುಗಳಿದ್ದವು. ಅವುಗಳ ಗತಿ ಏನಾಯಿತೆಂಬುದನ್ನು ನೋಡಿದರೆ ಚರ್ಚೆಯ ಹುರುಳು ತಿಳಿಯುತ್ತದೆ.

ಮೊದಲನೆಯದು ಮಗುಚಿ ಬೀಳುವ ದೋಷ. ವಾಹನ ಎತ್ತರವಾದಷ್ಟೂ ಅದರ ಗುರುತ್ವ ಕೇಂದ್ರ ಮೇಲೇರುತ್ತದೆ. ಒಮ್ಮೆಲೇ ತಿರುವಿದರೆ ಪಕ್ಕಕ್ಕೆ ಉರುಳುವ ಅಪಾಯ ಹೆಚ್ಚುತ್ತದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿಯು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್‌ಗೆ ಹಾಕಿದ್ದವು. ಟೈರು ಕಿತ್ತು ವಾಹನ ಉರುಳಿ 200ಕ್ಕೂ ಹೆಚ್ಚು ಜನ ಸತ್ತ ಪ್ರಕರಣ ಅದು. ಮುಂದೆ ವಾಹನ ಜಾರುವುದನ್ನು ತಾನೇ ಗುರುತಿಸಿ ಬೇಕಾದ ಗಾಲಿಗೆ ಮಾತ್ರ ಬ್ರೇಕು ಹಾಕುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಬಂತು. 2012ರ ಮಾದರಿಗಳಿಂದ ಅದು ಅಲ್ಲಿ ಕಡ್ಡಾಯವಾಯಿತು. ಮಗುಚುವ ಸಾವುಗಳು ಬಹಳ ಮಟ್ಟಿಗೆ ತಗ್ಗಿದವು.

ಎರಡನೆಯದು ಚಿಕ್ಕ ಕಾರಿನ ಪ್ರಯಾಣಿಕರ ದೂರು. ಎಸ್‌ಯುವಿಯ ಮುಂಭಾಗದ ಉಕ್ಕಿನ ಕಟ್ಟು ಚಿಕ್ಕ ಕಾರಿನ ಬಂಪರಿಗಿಂತ ಮೇಲಿದ್ದು, ಡಿಕ್ಕಿಯಲ್ಲಿ ನೇರವಾಗಿ ಅದರೊಳಕ್ಕೆ ನುಗ್ಗುತ್ತಿತ್ತು. 2003ರಲ್ಲಿ ವಾಹನ ತಯಾರಕರು ತಮ್ಮೊಳಗೆ ಒಪ್ಪಂದ ಮಾಡಿಕೊಂಡು, 2009ರ ವೇಳೆಗೆ ಈ ಎತ್ತರಗಳನ್ನು ಹೊಂದಿಸಿದರು. ಈ ದೂರೂ ಹಗುರವಾಯಿತು.

ಮೂರನೆಯದು ನಡೆಯುವವರ ದೂರು. ಇದು ಉಳಿದೇ ಇದೆ. ಅಮೆರಿಕದಲ್ಲಿ 2009ರಲ್ಲಿ ರಸ್ತೆಯಲ್ಲಿ ಸತ್ತ ಪಾದಚಾರಿಗಳು ಸುಮಾರು 4,100. 2022ರಲ್ಲಿ 7,500ಕ್ಕೂ ಹೆಚ್ಚು. ವಾಹನಗಳ ಗಾತ್ರವೊಂದೇ ಇದಕ್ಕೆ ಕಾರಣವೆಂದು ಯಾರೂ ಹೇಳುವಂತಿಲ್ಲ. ವೇಗ, ಮೊಬೈಲು, ಕತ್ತಲೆಯ ರಸ್ತೆ ಎಲ್ಲವೂ ಸೇರಿವೆ. ಆದರೆ ಗಾತ್ರದ ಪಾಲನ್ನು ಅಳೆದು ನೋಡಿದ್ದಾರೆ. ಅಲ್ಲಿನ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷಾ ಸಂಸ್ಥೆಯು ಪಾದಚಾರಿಗಳು ಸಿಲುಕಿದ ಸುಮಾರು 18,000 ಅಪಘಾತಗಳನ್ನು ಪರಿಶೀಲಿಸಿ 2023ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಬಾನೆಟ್ಟಿನ ಮುಂಚೂಣಿ 40 ಅಂಗುಲಕ್ಕಿಂತ ಎತ್ತರವಿರುವ ವಾಹನಗಳು, 30 ಅಂಗುಲ ಅಥವಾ ಅದಕ್ಕಿಂತ ತಗ್ಗಾದ ಇಳಿಜಾರು ಮುಖದ ಕಾರುಗಳಿಗಿಂತ ಶೇಕಡಾ 45ರಷ್ಟು ಹೆಚ್ಚು ಸಾವಿಗೆ ಕಾರಣವಾಗುತ್ತವೆ ಎಂಬುದು ಅದರ ನಿಷ್ಕರ್ಷೆ. ಮಧ್ಯಮ ಎತ್ತರದವುಗಳಲ್ಲಿಯೂ ಗೋಡೆಯಂತೆ ನೆಟ್ಟಗಿರುವ ಮುಖ ಇಳಿಜಾರು ಮುಖಕ್ಕಿಂತ ಅಪಾಯಕಾರಿಯೆಂದು ಕಂಡುಬಂತು.

ಇದರ ಹಿಂದಿನ ಕಾರಣ ಸರಳವಾಗಿದೆ. ತಗ್ಗು ಕಾರು ವಯಸ್ಕನ ಕಾಲಿಗೆ ಬಡಿಯುತ್ತದೆ. ಆತ ಬಾನೆಟ್ಟಿನ ಮೇಲೆ ಬೀಳುತ್ತಾನೆ. ಎತ್ತರದ ಮುಖ ಸೊಂಟಕ್ಕೆ, ಎದೆಗೆ ಬಡಿದು ಆತನನ್ನು ಮುಂದಕ್ಕೆ, ಗಾಲಿಯ ದಾರಿಗೆ ಕೆಡಹುತ್ತದೆ. ಮಕ್ಕಳ ವಿಷಯ ಇನ್ನೂ ಭಿನ್ನ. 40 ಅಂಗುಲವೆಂದರೆ ಸುಮಾರು 102 ಸೆಂಟಿಮೀಟರು. ಒಂದನೆಯ ತರಗತಿಯ ಮಗುವಿನ ಎತ್ತರ ಸಾಮಾನ್ಯವಾಗಿ 110ರಿಂದ 115 ಸೆಂಟಿಮೀಟರು. ಅಂದರೆ ಅಂಥ ವಾಹನದ ಮುಂಚೂಣಿ ಆ ಮಗುವಿನ ಕುತ್ತಿಗೆ, ಮುಖದ ಮಟ್ಟಕ್ಕೆ ಬರುತ್ತದೆ. ಮಗು ವಾಹನದ ಮುಂದೆ ತೀರ ಹತ್ತಿರ ನಿಂತಿದ್ದರೆ ಆಸನದಲ್ಲಿ ಕುಳಿತ ಚಾಲಕನಿಗೆ ಅದು ಕಾಣುವುದೇ ಇಲ್ಲ. ಶಾಲೆಯ ಗೇಟಿನ ಮುಂದೆ ನಿಂತ ವಾಹನ ಹೊರಡುವ ಗಳಿಗೆಯಲ್ಲಿ ಇದು ಮುಖ್ಯವಾಗುತ್ತದೆ. ಅಲ್ಲಿ ವೇಗದ ಪ್ರಶ್ನೆಯೇ ಇಲ್ಲ.

ಮೂರರಲ್ಲಿ ಎರಡು ದೂರುಗಳು ಪರಿಹಾರವಾಗಿ ಮೂರನೆಯದು ಉಳಿದದ್ದೇಕೆ? ನಮ್ಮ ಅಭಿಪ್ರಾಯದಲ್ಲಿ, ಮೊದಲೆರಡರಲ್ಲಿ ಸತ್ತವರು ಕಾರು ಕೊಳ್ಳುವವರು; ಕಂಪನಿಗೆ ಅವರ ಮಾತು ಕೇಳಲೇಬೇಕಿತ್ತು. ನಡೆದುಹೋಗುವವನು ಯಾವ ಕಂಪನಿಯ ಗಿರಾಕಿಯೂ ಅಲ್ಲ. ಅಮೆರಿಕದಲ್ಲಿ ಪಾದಚಾರಿಯ ತಲೆಯ ರಕ್ಷಣೆಗಾಗಿ ವಾಹನದ ಮುಂಭಾಗವನ್ನು ಪರೀಕ್ಷಿಸುವ ನಿಯಮದ ಕರಡು ಹೊರಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಈ ಒಂದು ವಿಷಯದಲ್ಲಿ ಭಾರತ ಮುಂದಿದೆ: ಹೊಸ ಮಾದರಿಗಳಿಗೆ ಇಂಥ ಪರೀಕ್ಷೆ ಇಲ್ಲಿ 2018ರಲ್ಲಿಯೇ ಬಂತು. ಆದರೆ ಆ ಪರೀಕ್ಷೆ ತಲೆಗೂ ಕಾಲಿಗೂ ಬೀಳುವ ಪೆಟ್ಟನ್ನು ಅಳೆಯುತ್ತದೆಯೇ ಹೊರತು ಮುಖದ ಎತ್ತರಕ್ಕೆ ಮಿತಿ ಹಾಕುವುದಿಲ್ಲ, ಚಾಲಕನಿಗೆ ಮುಂದೆ ಎಷ್ಟು ದೂರದ ನೆಲ ಕಾಣಬೇಕೆಂದೂ ವಿಧಿಸುವುದಿಲ್ಲ.

ಕಾನೂನು ಏನನ್ನು ಅಳೆಯುತ್ತದೆ

ಎಸ್‌ಯುವಿಯನ್ನು ತಡೆಯಬೇಕೆಂದು ಹೊರಟ ಪ್ರತಿ ಸರಕಾರವೂ ಮೊದಲು ಅದನ್ನು ಅಳೆಯಬೇಕಾಗುತ್ತದೆ. ಯಾವುದನ್ನು ಅಳೆಯುತ್ತದೋ ತಯಾರಕರು ಅದನ್ನೇ ಬದಲಿಸುತ್ತಾರೆ.

ದೆಹಲಿಯ ಉದಾಹರಣೆ ಸ್ಪಷ್ಟವಾಗಿದೆ. ರಾಜಧಾನಿಯ ಗಾಳಿ ಕೆಟ್ಟುದನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2015ರ ಡಿಸೆಂಬರ್ 16ರಂದು, 2000 ಸಿಸಿ ಮತ್ತು ಅದಕ್ಕೂ ಹೆಚ್ಚಿನ ಡೀಸೆಲ್ ಎಸ್‌ಯುವಿ, ಕಾರುಗಳ ನೋಂದಣಿಯನ್ನು ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ ನಿಲ್ಲಿಸಿತು. ಮರುತಿಂಗಳೇ ಮಹೀಂದ್ರ ಕಂಪನಿಯು ಸ್ಕಾರ್ಪಿಯೊ ಮತ್ತು ಎಕ್ಸ್‌ಯುವಿ 500ಕ್ಕೆ 1.99 ಲೀಟರಿನ ಎಂಜಿನನ್ನು ಜೋಡಿಸಿ ತಂದಿತು. ವಾಹನ ಅದೇ, ಮುಖ ಅದೇ, ಎಂಜಿನು ಮಾತ್ರ ಗೆರೆಯ ಒಳಗೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದೇಶ ಕೇಳಿದ್ದೇ ಅಷ್ಟನ್ನು. 2016ರ ಆಗಸ್ಟ್ 12ರಂದು ವಾಹನದ ಬೆಲೆಯ ಶೇಕಡಾ 1ರಷ್ಟು ಪರಿಸರ ಶುಲ್ಕ ವಿಧಿಸಿ ನಿಷೇಧವನ್ನು ತೆರವುಗೊಳಿಸಲಾಯಿತು.

ತೆರಿಗೆಯದೂ ಹೀಗೆಯೇ. ಜಿಎಸ್‌ಟಿಯಲ್ಲಿ ಎಸ್‌ಯುವಿ ಎನಿಸಿಕೊಳ್ಳಲು ಉದ್ದ 4 ಮೀಟರಿಗಿಂತ, ಎಂಜಿನು 1500 ಸಿಸಿಗಿಂತ, ನೆಲದಿಂದ ತಳದ ಎತ್ತರ 170 ಮಿಲಿಮೀಟರಿಗಿಂತ ಹೆಚ್ಚಿರಬೇಕಿತ್ತು. ಅಂಥವಕ್ಕೆ ಸೆಸ್ ಸೇರಿ ಶೇಕಡಾ 50 ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ದೊಡ್ಡ ಕಾರುಗಳಿಗೆಲ್ಲ ಶೇಕಡಾ 40, ಚಿಕ್ಕವಕ್ಕೆ ಶೇಕಡಾ 18 ಆಯಿತು. ಚಿಕ್ಕದೆನ್ನಲು ಉದ್ದ 4 ಮೀಟರಿನೊಳಗೆ, ಎಂಜಿನು ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿಯೊಳಗೆ ಇರಬೇಕು. ಈ ನಾಲ್ಕು ಮೀಟರಿನ ಗೆರೆ 2006ರ ಬಜೆಟ್ಟಿನಿಂದಲೂ ಇದೆ. ಅದರೊಳಗೆ ಹೊಂದುವಂತೆ ಹುಟ್ಟಿದವೇ ಬ್ರೆಝಾ, ನೆಕ್ಸಾನ್, ವೆನ್ಯೂ ಮೊದಲಾದ ಕಿರು ಎಸ್‌ಯುವಿಗಳು. 2024ರಲ್ಲಿ ದೇಶದಲ್ಲಿಯೇ ಅತಿ ಹೆಚ್ಚು ಮಾರಾಟವಾದ ಕಾರು ಟಾಟಾ ಪಂಚ್ ಕೂಡ ಈ ಬಗೆಯದು. ಉದ್ದವನ್ನು ಅಳೆದುದರಿಂದ ಉದ್ದ ನಿಂತಿತು. ಅಳೆಯದಿದ್ದ ಎತ್ತರ ಬೆಳೆಯಿತು.

ಪ್ಯಾರಿಸ್ ನಗರ ತೂಕವನ್ನು ಆರಿಸಿಕೊಂಡಿತು. 2024ರ ಫೆಬ್ರುವರಿ 4ರಂದು ಅಲ್ಲಿ ಜನಮತ ಪಡೆದರು. ಮತ ಹಾಕಿದವರು ನೂರಕ್ಕೆ ಆರು ಜನರೂ ಇಲ್ಲ; ಹಾಕಿದವರಲ್ಲಿ ಶೇಕಡಾ 54ಕ್ಕೂ ಹೆಚ್ಚು ಮಂದಿ ಒಪ್ಪಿದರು. ಅದರಂತೆ ಅಕ್ಟೋಬರ್ 1ರಿಂದ 1.6 ಟನ್ ಮತ್ತು ಮೇಲ್ಪಟ್ಟ ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಕಾರುಗಳಿಗೆ, 2 ಟನ್ ಮತ್ತು ಮೇಲ್ಪಟ್ಟ ವಿದ್ಯುತ್ ಕಾರುಗಳಿಗೆ ನಿಲುಗಡೆ ಶುಲ್ಕ ಮೂರು ಪಟ್ಟಾಯಿತು. ನಗರ ಮಧ್ಯದಲ್ಲಿ ಗಂಟೆಗೆ 18 ಯೂರೋ. ಆಯಾ ಬಡಾವಣೆಯ ನಿವಾಸಿಗಳಿಗೆ ವಿನಾಯಿತಿ ಉಂಟು. ಅಂದರೆ ಶುಲ್ಕ ಬಿದ್ದದ್ದು ಮುಖ್ಯವಾಗಿ ಹೊರಗಿನಿಂದ ಬರುವವರ ಮೇಲೆ. ತೂಕದ ಅಳತೆ ಎಂಜಿನಿನ ಅಳತೆಗಿಂತ ವಾಸಿಯೆಂದು ನಮಗೆ ತೋರುತ್ತದೆ. ಒಂದೇ ವೇಗದಲ್ಲಿ ಎರಡು ಟನ್ನಿನ ವಾಹನ ಒಂದು ಟನ್ನಿನದಕ್ಕಿಂತ ಎರಡು ಪಟ್ಟು ಚಲನಶಕ್ತಿಯನ್ನು ಹೊತ್ತಿರುತ್ತದೆ, ಅದು ಡೀಸೆಲಿನಿಂದ ಓಡಲಿ, ಬ್ಯಾಟರಿಯಿಂದ ಓಡಲಿ. ಹಳೆಯ ಮಾರುತಿ 800ರ ತೂಕ ಸುಮಾರು 650 ಕಿಲೋ. ಇಂದಿನ ಫಾರ್ಚೂನರ್ 2 ಟನ್ನಿಗೂ ಮೇಲೆ.

ಇಂಧನದ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡಬಹುದು. ಮಧ್ಯಮ ಗಾತ್ರದ ಕಾರಿಗಿಂತ ಎಸ್‌ಯುವಿ ಸುಮಾರು ಶೇಕಡಾ 20ರಷ್ಟು ಹೆಚ್ಚು ಇಂಗಾಲವನ್ನು ಹೊರಬಿಡುತ್ತದೆಂದೂ, ಜಗತ್ತಿನ ಎಸ್‌ಯುವಿಗಳೆಲ್ಲ ಸೇರಿ ವರ್ಷಕ್ಕೆ 100 ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆಂದೂ ಮೇಲೆ ಹೇಳಿದ ಇಂಧನ ಸಂಸ್ಥೆ ಲೆಕ್ಕ ಹಾಕಿದೆ.

ನಮ್ಮ ರಸ್ತೆಯ ಅಗಲ

ಪ್ಯಾರಿಸ್ಸಿನ ನಿಲುಗಡೆ ಶುಲ್ಕ ಮಂಜೇಶ್ವರಕ್ಕಾಗಲಿ ಮಡಕಶಿರಕ್ಕಾಗಲಿ ಹೊಂದುವ ಮದ್ದಲ್ಲ. ಇಲ್ಲಿನ ತೊಡಕು ರಸ್ತೆಯ ಅಗಲದ್ದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಒಂಟಿ ಪಥದ ರಸ್ತೆಯಲ್ಲಿ ಡಾಂಬರಿನ ಅಗಲ 3.75 ಮೀಟರು, ಸಂಚಾರ ಕಡಿಮೆಯಿರುವಲ್ಲಿ 3 ಮೀಟರು. ಮಾರುತಿ 800ರ ಅಗಲ 1.44 ಮೀಟರು. ಅಂಥ ಎರಡು ಕಾರುಗಳು ಎದುರುಬದುರಾದರೆ ಡಾಂಬರು ಬಿಡದೆಯೇ ದಾಟಿಕೊಳ್ಳಬಹುದಿತ್ತು. ಇಂದಿನ ದೊಡ್ಡ ಎಸ್‌ಯುವಿಗಳು 1.85ರಿಂದ 1.9 ಮೀಟರಿನಷ್ಟು ಅಗಲವಿವೆ, ಕನ್ನಡಿಗಳನ್ನು ಬಿಟ್ಟು. ಎರಡು ಎದುರಾದರೆ ಒಂದಾದರೂ ಮಣ್ಣಿನ ಅಂಚಿಗೆ ಇಳಿಯಲೇಬೇಕು. ಆ ಮಣ್ಣಿನ ಅಂಚೇ ಮಕ್ಕಳ ಕಾಲುದಾರಿ. ಮಳೆಗಾಲದಲ್ಲಿ ಅದೂ ಚರಂಡಿ.

ದೇಶದ ಒಟ್ಟು ಲೆಕ್ಕವೂ ಇದಕ್ಕೆ ಹೊಂದುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡಾ 44.5 ಮಂದಿ ದ್ವಿಚಕ್ರ ವಾಹನದವರು, ಶೇಕಡಾ 19.5 ಮಂದಿ ಪಾದಚಾರಿಗಳು. ಇವರಲ್ಲಿ ಎಲ್ಲರನ್ನೂ ಎಸ್‌ಯುವಿ ಕೊಂದಿತೆಂದಲ್ಲ. ಲಾರಿ, ಬಸ್ಸು, ಬೈಕುಗಳ ಪಾಲು ದೊಡ್ಡದು. ಆದರೆ ಸಾಯುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಸುತ್ತಲೂ ತಗಡಿನ ಗೋಡೆಯಿಲ್ಲದ ದೇಶದಲ್ಲಿ, ಕಾರಿನ ಮುಖ ಹೇಗಿರಬೇಕೆಂಬುದು ಕೊಳ್ಳುವವನೊಬ್ಬನ ರುಚಿಯ ವಿಷಯವಾಗಿ ಉಳಿಯಲಾರದು.

ಕೊಂಡವರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಹೊಂಡ ಬಿದ್ದ ರಸ್ತೆಯಲ್ಲಿ, ತೋಟದ ಏರಿನಲ್ಲಿ, ಹಳ್ಳ ತುಂಬಿ ಬಂದ ದಿನ ಎತ್ತರದ ವಾಹನ ಕಾರ್ಯಕ್ಕೆ ಬರುತ್ತದೆ. ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ ಜೀಪಿನ ಕಥೆ ಇಲ್ಲದ ಮಲೆನಾಡಿನ ಊರಿಲ್ಲ. ಅಜ್ಜ ಅಜ್ಜಿಯರಿಗೆ ತಗ್ಗು ಕಾರಿಗೆ ಬಾಗಿ ಕೂರುವುದಕ್ಕಿಂತ ಎತ್ತರದ ಆಸನ ಸುಖ. ಒಳಗಿನವರ ರಕ್ಷಣೆಯಲ್ಲಿಯೂ ಇವು ಸುಧಾರಿಸಿವೆ: ಭಾರತದಲ್ಲಿ ತಯಾರಾದ ಕಾರುಗಳಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೊದಲು ಐದು ನಕ್ಷತ್ರ ಪಡೆದದ್ದು 2018ರಲ್ಲಿ ಟಾಟಾ ನೆಕ್ಸಾನ್ ಎಂಬ ಕಿರು ಎಸ್‌ಯುವಿ. 2023ರ ಅಕ್ಟೋಬರಿನಿಂದ ನಡೆದಿರುವ ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ನಕ್ಷತ್ರಕ್ಕೆ ಮೇಲೇರಲು ಪಾದಚಾರಿ ರಕ್ಷಣೆಯ ನಿಯಮಕ್ಕೆ ಒಳಪಟ್ಟಿರಬೇಕು. ಆದರೂ ಅಂಗಡಿಯಲ್ಲಿ ತೋರಿಸುವ ಆ ನಕ್ಷತ್ರಗಳು ಎಣಿಸುವುದು ಒಳಗೆ ಕುಳಿತ ದೊಡ್ಡವರು ಮತ್ತು ಮಕ್ಕಳ ರಕ್ಷಣೆಯನ್ನು ಎಂಬುದನ್ನು ಕೊಳ್ಳುವ ಮನೆಯವರು ತಿಳಿದಿರಬೇಕು.

ಆದ್ದರಿಂದ ಎಸ್‌ಯುವಿಗೆ ರಸ್ತೆಯಲ್ಲಿ ಸ್ಥಾನವೇ ಇಲ್ಲವೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಎಲ್ಲ ರಸ್ತೆಯಲ್ಲಿಯೂ ಎಲ್ಲ ಹೊತ್ತಿನಲ್ಲಿಯೂ ಒಂದೇ ಸ್ಥಾನವೆಂಬುದನ್ನೂ ಒಪ್ಪುವುದಿಲ್ಲ. ರಸ್ತೆಯ ಗುಣ ನೋಡಿ ವಾಹನವನ್ನು ಮಿತಿಗೊಳಿಸುವುದು ಗಡಿನಾಡಿಗೆ ಹೊಸದೇನಲ್ಲ. 27 ತಿರುವುಗಳ ದಿಂಬಂ ಘಾಟಿಯಲ್ಲಿ ಭಾರಿ ಲಾರಿಗಳ ಮೇಲೂ ರಾತ್ರಿ ಸಂಚಾರದ ಮೇಲೂ ಮದರಾಸು ಹೈಕೋರ್ಟು 2022ರಲ್ಲಿ ವಿಧಿಸಿದ ನಿರ್ಬಂಧ ತಾಳವಾಡಿಯವರಿಗೆ ದಿನನಿತ್ಯದ ಅನುಭವ. ಅದೇ ನ್ಯಾಯಾಲಯದ ಆದೇಶದಂತೆ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಎಂಬ ಮಿತಿಯೂ ಬಿತ್ತು. ಅಲ್ಲಿ ಎಣಿಸಿದ್ದು ವಾಹನದ ಸಂಖ್ಯೆಯನ್ನು. ಗಾತ್ರವನ್ನು ಎಣಿಸಬಾರದೆಂದು ಯಾವ ಶಾಸ್ತ್ರವೂ ಇಲ್ಲ.

ಪೋಷಕರು ಕೇಳಬಹುದಾದದ್ದು

ದೇಶದ ತೆರಿಗೆಯನ್ನು ಶಾಲಾ ಪೋಷಕರ ಸಭೆ ತಿದ್ದಲಾರದು. ಕೈಗೆಟಕುವ ಕೆಲವು ಸಂಗತಿಗಳುಂಟು. ಕೆಲವರು ಎಸ್‌ಯುವಿಯ ಮುಂದೆ ಉಕ್ಕಿನ ಬುಲ್ ಬಾರ್ ಹಾಕಿಸುತ್ತಾರೆ. ಇದು ಕಾನೂನುಬಾಹಿರ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಉಲ್ಲಂಘನೆಯೆಂದು ಹೇಳಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಕ್ರಮ ಕೈಗೊಳ್ಳಲು ಬರೆದಿದೆ. ಪಾದಚಾರಿಗೆ ಪೆಟ್ಟು ಕಡಿಮೆಯಾಗಲೆಂದು ಕಾರ್ಖಾನೆ ಮೆತ್ತಗೆ ಮಾಡಿದ ಮುಖದ ಮೇಲೆ ಮಾಲೀಕ ಗಟ್ಟಿ ಕಬ್ಬಿಣ ಕೂರಿಸಿದರೆ ಪರೀಕ್ಷೆಯ ಉದ್ದೇಶವೇ ಕೆಡುತ್ತದೆ. ನಮ್ಮ ಪೇಟೆಗಳಲ್ಲಿ ಇಂಥವು ಇನ್ನೂ ಧಾರಾಳವಾಗಿ ಓಡಾಡುತ್ತಿವೆ, ಶಾಲೆಗೆ ಮಕ್ಕಳನ್ನು ಬಿಡಲು ಬರುವ ವಾಹನಗಳಲ್ಲಿಯೂ.

ಶಾಲೆ ಆರಂಭವಾಗುವ, ಬಿಡುವ ಅರ್ಧ ಗಂಟೆ ಗೇಟಿನ ಮುಂದೆ ಕಾರು ನಿಲ್ಲಿಸದೆ ಸ್ವಲ್ಪ ದೂರದಲ್ಲಿ ಮಕ್ಕಳನ್ನು ಇಳಿಸುವ ಏರ್ಪಾಡನ್ನು ಶಾಲೆಯೇ ಮಾಡಿಕೊಳ್ಳಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಡ. ರಸ್ತೆಯ ಅಂಚನ್ನು ಗಟ್ಟಿಗೊಳಿಸುವುದು, ವೇಗ ತಡೆ, ಎಚ್ಚರಿಕೆಯ ಫಲಕ ಇವುಗಳಿಗೆ ಮಾತ್ರ ಅರ್ಜಿ ಬೇಕು. ಮೋಟಾರು ವಾಹನ ಕಾಯ್ದೆಯ 215ನೆಯ ಕಲಮು ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೆ ಅವಕಾಶ ಕೊಟ್ಟಿದೆ. ಅರ್ಜಿಯನ್ನು ಕಲೆಕ್ಟರ್ ಕಚೇರಿಯ ಮೂಲಕ ಅದಕ್ಕೆ ಕಳುಹಿಸಬಹುದು. ಭಾಷೆಯ ಬಗ್ಗೆ ಹಿಂಜರಿಕೆ ಬೇಕಿಲ್ಲ. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅರ್ಜಿ ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಹಿಂದಿರುಗಿಸಿದರೆ ಈ ವಿಧಿಯ ಸಂಖ್ಯೆಯನ್ನು ಬರೆದು ಮತ್ತೆ ಕೊಡಿ. ಎಚ್ಚರಿಕೆಯ ಫಲಕದಲ್ಲಿ ಕನ್ನಡವೂ ಇರಲೆಂದು ಅದೇ ಅರ್ಜಿಯಲ್ಲಿ ಕೇಳಬಹುದು.

ಅರ್ಜಿಯಲ್ಲಿ ಎಸ್‌ಯುವಿಗಳಿಂದ ತೊಂದರೆ ಎಂದಷ್ಟೇ ಬರೆದರೆ ಅದು ಕಡತ ಸೇರುತ್ತದೆ. ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗಿನ ದೂರ, ಡಾಂಬರಿನ ಅಗಲ, ಮಣ್ಣಿನ ಅಂಚು ಎಲ್ಲೆಲ್ಲಿ ಕುಸಿದಿದೆ, ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ನಡೆದು ಬರುವ ಮಕ್ಕಳೆಷ್ಟು, ಆ ಹೊತ್ತಿನಲ್ಲಿ ಹಾದುಹೋಗುವ ವಾಹನಗಳೆಷ್ಟು, ಅವುಗಳಲ್ಲಿ ಬುಲ್ ಬಾರ್ ಇದ್ದವೆಷ್ಟು ಎಂಬುದನ್ನು ಬರೆಯಿರಿ. ಟೇಪು ಹಿಡಿದು ಅಗಲ ಅಳೆಯುವುದನ್ನೂ ಗೇಟಿನ ಬಳಿ ಕುಳಿತು ಎಣಿಸುವುದನ್ನೂ ಏಳನೆಯ ತರಗತಿಯ ಮಕ್ಕಳು ಒಂದು ವಾರದ ಗಣಿತ ಚಟುವಟಿಕೆಯಾಗಿ ಚೆನ್ನಾಗಿಯೇ ಮಾಡಬಲ್ಲರು, ಒಬ್ಬ ಅಧ್ಯಾಪಕರು ಜೊತೆಗಿದ್ದರೆ.